ಅತ್ತೆಯ ಸ್ತೋತ್ರ ಮುಗಿಯುವಷ್ಟು ಹೊತ್ತು

ಬೆಳಗ್ಗೆ ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಮೊದಲು ಒಲೆಯೇರುವುದು ಒಂದು ಸಣ್ಣ ಅಲ್ಯೂಮಿನಿಯಂ ಪಾತ್ರೆ. ಅದರ ತಳಕ್ಕೆ ನಾಲ್ಕು ಮಡಿಕೆ ಮಾಡಿದ ಹಳೇ ಪಂಚೆಯ ತುಂಡು, ಅದರ ಮೇಲೆ ಗಾಜಿನ ಸಿರಿಂಜು, ಎರಡು ಸೂಜಿ, ಒಂದು ಚಿಮಟ, ಎಲ್ಲ ಮುಳುಗುವಷ್ಟು ನೀರು. ನೀರು ಕುದಿ ಬಂದಾಗ ತಳದಲ್ಲಿ ಬಟ್ಟೆ ಇದ್ದರೂ ಗಾಜು ಕಟಕಟ ಅನ್ನುತ್ತದೆ. ಹತ್ತು ವರ್ಷದಿಂದ ಈ ಸದ್ದು ಕೇಳುತ್ತ ಬಂದಿದ್ದೇನೆ. ಈಗ ಅದು ಸ್ವಲ್ಪ ತಡವಾದರೆ ನಮ್ಮ ಮನೆಯವರೇ ಹಾಸಿಗೆಯಿಂದ ಕೇಳುತ್ತಾರೆ, "ಯಾಕೆ ರುಕ್ಕು, ಇನ್ನೂ ಇಟ್ಟಿಲ್ವಾ?" ಅಂತ.

ನಾನು ಹೆಚ್ಚು ಓದಿದವಳಲ್ಲ. ಸಕ್ಕರೆ ಕಾಯಿಲೆ ಅಂದರೆ ಏನು, ಯಾಕೆ ಬರುತ್ತದೆ ಅನ್ನುವುದನ್ನು ಡಾಕ್ಟರುಗಳು ಹೇಳಲಿ. ನಿಮ್ಮಲ್ಲಿ ಯಾರಿಗಾದರೂ ನಿನ್ನೆಯೋ ಮೊನ್ನೆಯೋ "ಇನ್ನು ಮೇಲೆ ದಿನಾ ಇಂಜಕ್ಷನ್ನು" ಎಂದು ಹೇಳಿ ಕಳಿಸಿರಬಹುದು. ಆ ಪೊಟ್ಟಣವನ್ನು ಸೆರಗಿನಲ್ಲಿ ಮುಚ್ಚಿಕೊಂಡು, ರೈಲಿನಲ್ಲಿ ಪಕ್ಕದವರಿಗೆ ಕಾಣದಂತೆ ಕಣ್ಣೊರಸಿಕೊಂಡು ಮನೆಗೆ ಬಂದಿರಬಹುದು. ನಾನೂ ಹಾಗೆಯೇ ಬಂದಿದ್ದೆ. ಅಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಮಾಡಿದ ತಪ್ಪನ್ನೂ ಮುಚ್ಚಿಡುವುದಿಲ್ಲ. ಅದೊಂದು ಬಿಟ್ಟರೆ ಉಳಿದದ್ದೆಲ್ಲ ದೇವರು ಚೆನ್ನಾಗಿಯೇ ನಡೆಸಿದ.

ಆಗ ನಾವು ಕೋಡಂಬಾಕ್ಕಂನಲ್ಲಿ ಒಂದು ದೊಡ್ಡ ಮನೆಯ ಹಿಂದಿನ ಪೋರ್ಷನ್ನಿನಲ್ಲಿದ್ದೆವು. ನಡುಮನೆ, ಅಡಿಗೆಮನೆ, ಒಂದು ಕೋಣೆ. ಬಾವಿ ಮೂರು ಸಂಸಾರಕ್ಕೆ ಸೇರಿದ್ದು. ನಮ್ಮ ಮನೆಯವರಿಗೆ ರೈಲ್ವೆ ಆಫೀಸಿನಲ್ಲಿ ಕೆಲಸ. ಮಗಳು ಪದ್ಮಳಿಗೆ ಒಂಬತ್ತು, ಮಗ ರಘುವಿಗೆ ನಾಲ್ಕು. ಅತ್ತೆಯವರು ಮಡಿಯಲ್ಲಿ ಬಲು ನಿಷ್ಠುರ. ಬೆಳಗಿನ ಪೂಜೆಗೆ ಅಣಿ ಮಾಡುವವರು, ತೀರ್ಥ ಕೂಡಿಸುವವರು ಅವರೇ. ಮಕ್ಕಳು ಸ್ಕೂಲಿನ ತಮಿಳನ್ನೇ ಮನೆಯಲ್ಲೂ ಆಡುತ್ತಿದ್ದವು. "ಈ ಮನೇಲಿ ಕನ್ನಡ ನಂಗೂ ದೇವರಿಗೂ ಮಾತ್ರ ಉಳೀತು" ಎಂದು ಅತ್ತೆ ಆಗಾಗ ಅನ್ನುವುದಿತ್ತು.

ಕಾಯಿಲೆಯನ್ನು ಮೊದಲು ಕಂಡದ್ದೂ ಅತ್ತೆಯೇ. ನಾನು ಬಿಂದಿಗೆಗಟ್ಟಲೆ ನೀರು ಕುಡಿಯುತ್ತಿದ್ದೆ. ಮದ್ರಾಸಿನ ಸೆಕೆ ಅಂದುಕೊಂಡಿದ್ದೆ. ರವಿಕೆಗಳು ಸಡಿಲವಾದವು, ಕೆಲಸ ಜಾಸ್ತಿ ಅಂದುಕೊಂಡಿದ್ದೆ. ಒಂದು ದಿನ ಅತ್ತೆ ಬಚ್ಚಲಿನ ಬಾಗಿಲಲ್ಲಿ ನಿಂತು ಕೆಳಗೆ ನೋಡುತ್ತಿದ್ದರು.

"ರುಕ್ಕು, ಬಚ್ಚಲಿಗೆ ಬೆಲ್ಲ ತಂದಿದ್ಯೇನೇ?"

"ಇಲ್ಲ ಅತ್ತೆ. ಬಚ್ಚಲಿಗೆ ಯಾಕೆ ತರ್ಲಿ?"

"ಮತ್ತೆ ಈ ಇರುವೆ ಸಾಲು ಯಾರ ಮನೆ ಮದುವೆಗೆ ಹೊರಟಿದೆ?"

ಅವರ ತಂದೆಗೂ ಹೀಗೇ ಆಗಿತ್ತಂತೆ. ಮಾರನೆಯ ದಿನವೇ ಮಗನಿಗೆ ರಜೆ ಹಾಕಿಸಿ ನನ್ನನ್ನು ದೊಡ್ಡಾಸ್ಪತ್ರೆಗೆ ಕಳಿಸಿದರು. ಇದನ್ನು ನಾನು ಮೊದಲ ಕೃಪೆ ಎಂದು ಎಣಿಸುತ್ತೇನೆ. ಇನ್ನೊಂದು ತಿಂಗಳು ತಡವಾಗಿದ್ದರೆ ಇದನ್ನು ಬರೆಯಲು ನಾನಿರುತ್ತಿರಲಿಲ್ಲ ಎಂದು ಡಾಕ್ಟರು ಆಮೇಲೆ ಹೇಳಿದರು.

ಆಸ್ಪತ್ರೆಯ ಮರದ ಬೆಂಚಿನಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ಕೂತೆವು. ಪ್ರತಿಯೊಬ್ಬರ ಕೈಯಲ್ಲೂ ಒಂದು ಬಾಟಲಿ. ನನ್ನದು ಹಿಂದೆ ಹರಳೆಣ್ಣೆ ಇಟ್ಟಿದ್ದ ಬಾಟಲಿ, ಸೆರಗಿನಲ್ಲಿ ಮುಚ್ಚಿಕೊಂಡಿದ್ದೆ. ಪಕ್ಕದಲ್ಲಿದ್ದ ಮುದುಕಿ ತನ್ನದನ್ನು ಧಾರಾಳವಾಗಿ ತೊಡೆಯ ಮೇಲಿಟ್ಟುಕೊಂಡು, ತಮಿಳಿನಲ್ಲಿ "ಇಲ್ಲಿ ಬಂದಮೇಲೆ ಇದಕ್ಕೆ ನಾಚಿಕೆ ಪಟ್ಟರೆ ಆಗತ್ತಾ ಮಗಳೇ" ಎಂದಳು. ಒಳಗೆ ಒಂದು ನೀಲಿ ದ್ರವಕ್ಕೆ ನನ್ನ ಮೂತ್ರದ ನಾಲ್ಕು ಹನಿ ಬಿಟ್ಟು ಕಾಯಿಸಿದರು. ನೀಲಿ ಹಸಿರಾಯಿತು, ಹಳದಿಯಾಯಿತು, ಕೊನೆಗೆ ಇಟ್ಟಿಗೆಯ ಬಣ್ಣಕ್ಕೆ ನಿಂತಿತು. ಡಾಕ್ಟರು ನಮ್ಮ ಮನೆಯವರ ಕಡೆ ನೋಡಿ ಇಂಗ್ಲಿಷಿನಲ್ಲಿ ಮಾತಾಡಿದರು. ಕೇಳುತ್ತಿದ್ದ ಇವರ ಮುಖ ನೋಡಿಯೇ ನನಗೆ ಅರ್ಥವಾಯಿತು.

ನನಗೆ ಸೂಜಿ ಕಲಿಸಿದವರು ಅಲ್ಲಿನ ನರ್ಸು, ಅನ್ನಮ್ಮ ಸಿಸ್ಟರು. ಮಲಯಾಳದವರು, ಆಡುವುದು ತಮಿಳು. ದಪ್ಪ ಕನ್ನಡಕ, ಸಣ್ಣ ದನಿ. ಒಂದು ವಾರ ದಿನಾ ಹೋಗಿ ಕಲಿತೆ. ನೀರು ದೊಡ್ಡ ಗುಳ್ಳೆ ಬಂದ ಮೇಲೆ ಹತ್ತು ನಿಮಿಷ ಕುದಿಯಬೇಕು. ಚಿಮಟದ ಹಿಡಿ ನೀರಿನ ಹೊರಗಿರಬೇಕು. ಸೂಜಿಯ ಮೊನೆಯನ್ನಾಗಲಿ ಸಿರಿಂಜಿನ ಒಳಗಿನ ಗಾಜಿನ ಕಡ್ಡಿಯ ಮೈಯನ್ನಾಗಲಿ ಕೈಯಿಂದ ಮುಟ್ಟಬಾರದು. ನಾನು ಒಂದೊಂದು ಸಲ ಬೆರಳು ಮುಂದೆ ಮಾಡಿದಾಗಲೂ ಸಿಸ್ಟರು ಸಣ್ಣ ದನಿಯಲ್ಲೇ "ತೊಡಾದೀಂಗ" ಅನ್ನುತ್ತಿದ್ದರು. ಮುಟ್ಟಬೇಡಿ ಅಂತ. ಚುಚ್ಚಿಯಾದ ಮೇಲೆ ತಣ್ಣೀರಿನಲ್ಲಿ ಜಾಲಿಸಿ, ಸೂಜಿಯ ತೂತಿಗೆ ಸಣ್ಣ ತಂತಿ ತೂರಿಸಿ, ಬಿಡಿ ಬಿಡಿ ಮಾಡಿ, ಸ್ಪಿರಿಟ್ಟು ತುಂಬಿದ ಗಾಜಿನ ಜಾಡಿಯಲ್ಲಿ ಮುಳುಗಿಸಿಡಬೇಕು. ಮರುದಿನ ಮತ್ತೆ ಕುದಿಸಬೇಕು. ಔಷಧಿಯ ಶೀಶೆಯನ್ನು ಮರಳಿನ ಮಡಕೆಯಲ್ಲಿ ತಂಪಾಗಿಡಬೇಕು.

ಮೊದಲ ಸಲ ನನ್ನ ತೊಡೆಗೆ ನಾನೇ ಚುಚ್ಚಿಕೊಂಡಾಗ ಕೈ ನಡುಗಲಿಲ್ಲ. ಬಿಸಿ ಎಣ್ಣೆಗೆ ಹಪ್ಪಳ ಬಿಡುವ ಕೈ, ನಡುಗಿದರೆ ನಡೆಯುತ್ತದೆಯೇ? ಸಿಸ್ಟರು ಬೆನ್ನು ತಟ್ಟಿದರು. ನನಗೂ ಹೆಮ್ಮೆಯಾಯಿತು.

ಮನೆಯಲ್ಲಿ ತೊಡಕು ಬಂದದ್ದು ಸ್ಪಿರಿಟ್ಟಿನ ಜಾಡಿಯಿಂದ. ಮುಚ್ಚಳ ತೆಗೆದೊಡನೆ ವಾಸನೆ ನಡುಮನೆಗೆಲ್ಲ ಹಬ್ಬಿತು. ಮದ್ರಾಸಿನಲ್ಲಿ ಆಗ ಪಾನನಿಷೇಧ. ಬೀದಿಯಲ್ಲಿ ಯಾರಾದರೂ ತೂರಾಡಿದರೆ ಪೊಲೀಸರು ಹಿಡಿಯುತ್ತಿದ್ದ ಕಾಲ.

ಅತ್ತೆ ಸೆರಗನ್ನು ಮೂಗಿಗೆ ಹಿಡಿದರು. "ಇದೇನೋ ಇದು, ಸಾರಾಯಿ?"

"ಸಾರಾಯಲ್ಲ ಅಮ್ಮ, ಸ್ಪಿರಿಟ್ಟು. ಔಷಧಿ ಅಂಗಡೀದು" ಎಂದರು ನಮ್ಮ ಮನೆಯವರು.

"ಎರಡೂ ಒಂದೇ ತಾಯಿ ಮಕ್ಕಳು. ಮೂಗು ಹೇಳತ್ತೆ."

"ಕುಡಿಯೋಕಲ್ಲ ಅಮ್ಮ, ಸೂಜಿ ಮುಳುಗಿಸೋಕೆ."

"ಮುಳುಗಿದ ಸೂಜಿ ಎಲ್ಲಿಗೆ ಹೋಗತ್ತೆ? ಅವಳ ಮೈಯೊಳಗೇ ತಾನೆ? ಆ ಮೈಯಲ್ಲೇ ತಾನೆ ಅವಳು ದೇವರ ಮುಂದೆ ರಂಗೋಲಿ ಹಾಕೋದು?"

ಅತ್ತೆ ಬೇಡವೆನ್ನಲಿಲ್ಲ. ಸೊಸೆ ಬದುಕಬೇಕು ಅನ್ನುವುದರಲ್ಲಿ ಅವರಿಗೆ ಎರಡನೆಯ ಮಾತಿರಲಿಲ್ಲ. ನಡುಮನೆಯ ಕಿಟಕಿಯ ಕೆಳಗೆ ಬೇರೆ ಒಂದು ಸ್ಟೌ, ಬೇರೆ ಪಾತ್ರೆ, ಬೇರೆ ಹಲಗೆ ಎಂದು ಅವರೇ ಗೊತ್ತು ಮಾಡಿದರು. ಮನೆಗಿದ್ದ ಒಂದೇ ಗಡಿಯಾರವನ್ನು ನಮ್ಮ ಮನೆಯವರು ಮಲಗಿದಾಗಲೂ ಕೈಗೆ ಕಟ್ಟಿಕೊಂಡಿರುತ್ತಿದ್ದುದರಿಂದ ಹತ್ತು ನಿಮಿಷ ತಿಳಿಯುವ ಉಪಾಯವನ್ನೂ ಅವರೇ ಹೇಳಿದರು. ದಿನಾ ಬೆಳಗ್ಗೆ ಅವರು ಹೇಳುವ ದೊಡ್ಡ ಸ್ತೋತ್ರವೊಂದಿತ್ತು. ಒಂದು ಭಾನುವಾರ ಗಡಿಯಾರ ಹಿಡಿದು ನೋಡಿದರೆ ಅದಕ್ಕೆ ಹನ್ನೊಂದು ನಿಮಿಷ. "ಗುಳ್ಳೆ ಬಂದ ಕೂಡ್ಲೆ ಹೇಳು, ನಾನು ಶುರು ಮಾಡ್ತೀನಿ. ನಂದು ಮುಗಿಯೋ ತನಕ ತೆಗೀಬೇಡ" ಎಂದರು. ಹಾಗೆ ಅತ್ತೆಯ ಸ್ತೋತ್ರವೇ ನಮ್ಮ ಗಡಿಯಾರವಾಯಿತು.

ಆದರೆ ಅವರು ಸ್ಪಿರಿಟ್ಟಿನ ಬಗ್ಗೆ ಆಡಿದ ಮಾತು ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿತ್ತು. ರಾತ್ರಿಯೆಲ್ಲ ಸಾರಾಯಿಯಲ್ಲಿ ಮುಳುಗಿದ್ದ ಗಾಜು. ಅದನ್ನು ಕುದಿಸಿದರೆ ಕೊಳೆ ಹೋಗುತ್ತದೆ, ಒಪ್ಪಿದೆ. ಮೈಲಿಗೆ ಹೋಗುತ್ತದೆಯೇ? ನಾನು ಚಿಕ್ಕಂದಿನಿಂದ ಕಲಿತದ್ದು ಹೇಗೆಂದರೆ, ಕೊಳೆಗೆ ಹುಣಿಸೆಹಣ್ಣು ಬೂದಿ, ಮೈಲಿಗೆಗೆ ತೀರ್ಥ. ಎರಡೂ ಬೇರೆ ಬೇರೆ ಕೆಲಸ. ಮನೆಗೆ ಬಂದ ಮೂರನೆಯ ವಾರ ಯಾರಿಗೂ ಹೇಳದೆ ಶುರು ಮಾಡಿದೆ. ಸಿರಿಂಜು ಕುದಿದು, ಚಿಮಟದಲ್ಲಿ ಎತ್ತಿ, ಸೂಜಿ ಕೂಡಿಸಿ ಆದಮೇಲೆ ದೇವರ ಮುಂದಿನ ಬೆಳ್ಳಿ ಪಾತ್ರೆಯಿಂದ ಒಂದು ಉದ್ಧರಣೆ ತೀರ್ಥ ಬಟ್ಟಲಿಗೆ ತೆಗೆದುಕೊಂಡು ಬರುತ್ತಿದ್ದೆ. ಅದನ್ನು ಸಿರಿಂಜಿಗೆ ಎಳೆದು, ದೇವರ ನಾಮ ಹೇಳಿ, ಹೊರಕ್ಕೆ ಚಿಮ್ಮಿಸಿ, ಆಮೇಲೆ ಔಷಧಿ ಎಳೆದುಕೊಳ್ಳುತ್ತಿದ್ದೆ.

ತೀರ್ಥ ಅಂದರೆ ಏನು ಎಂದು ನಿಮಗೆ ಗೊತ್ತು. ಹಿಂದಿನ ದಿನ ಸೇದಿಟ್ಟ ಬಾವಿಯ ನೀರು, ತುಳಸಿ, ಏಲಕ್ಕಿ ಪುಡಿ, ಪಚ್ಚಕರ್ಪೂರ, ಗಂಧ. ಬಾಯಿಗೆ ಅಮೃತ. ನಾನು ಅದನ್ನು ಚರ್ಮದ ಕೆಳಗೆ ಕಳಿಸುತ್ತಿದ್ದೆ. ಚಿಮ್ಮಿಸಿದ ಮೇಲೂ ಒಂದೆರಡು ಹನಿ ಒಳಗೆ ನಿಂತಿರುತ್ತದೆ ಎಂದು ನನಗೆ ಹೊಳೆಯಲೇ ಇಲ್ಲ. ದಿನಾ ಅದನ್ನು ಮಾಡಿದಾಗ ಮನಸ್ಸಿಗೆ ಬಹಳ ನೆಮ್ಮದಿ ಸಿಗುತ್ತಿತ್ತು. ಅದನ್ನೂ ಹೇಳಬೇಕು.

ಹತ್ತು ಹನ್ನೆರಡು ದಿನ ಏನೂ ಆಗಲಿಲ್ಲ. ಆಮೇಲೆ ಎಡತೊಡೆಯಲ್ಲಿ ಒಂದು ಗಂಟು ಎದ್ದಿತು. ಕೆಂಪಗಾಗಿ, ನೋವಾಗಿ, ಬಿಸಿನೀರಿನ ಶಾಖಕ್ಕೆ ಇಳಿಯಿತು. ಸೂಜಿ ಮೊಂಡಾಗಿರಬೇಕು ಎಂದು ಹೊಸ ಸೂಜಿ ತರಿಸಿದೆ. ತೀರ್ಥವನ್ನು ಇನ್ನಷ್ಟು ಭಕ್ತಿಯಿಂದ ಬಳಸಿದೆ. ಅದಾಗಿ ಒಂದು ವಾರಕ್ಕೆ ಬಲತೊಡೆಯಲ್ಲಿ ನಿಂಬೆಹಣ್ಣಿನಷ್ಟು ಬಾವು. ಚಳಿಜ್ವರ ಬಂತು. ನಡೆಯಲಾರದೆ ಕೈಗಾಡಿಯಲ್ಲಿ ಸ್ಟೇಷನ್ನಿಗೆ ಹೋಗಿ ಆಸ್ಪತ್ರೆ ಸೇರಿದೆ. ಅಲ್ಲಿ ನೀಲಿ ದ್ರವ ಮತ್ತೆ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಕೊಯ್ದು ಕೀವು ತೆಗೆದರು. ಎಂಟು ದಿನ ವಾರ್ಡಿನಲ್ಲಿ ಮಲಗಿದ್ದೆ. ಪಕ್ಕದ ಹಾಸಿಗೆಯ ಹೆಂಗಸಿನ ಕಾಲನ್ನು ಇಂಥದೇ ಹುಣ್ಣಿಗೆ ಮೊಣಕಾಲಿನವರೆಗೆ ತೆಗೆದಿದ್ದರು. ಅವಳು ದಿನಾ ನನ್ನ ತಲೆ ಬಾಚಿ ಹೂ ಮುಡಿಸುತ್ತಿದ್ದಳು.

ಬಿಡುಗಡೆಗೆ ಎರಡು ದಿನ ಮುಂಚೆ ಡಾಕ್ಟರು ನಮ್ಮ ಮನೆಯವರನ್ನು ಕರೆದು ಮಾತಾಡಿದರು. ಆಮೇಲೆ ಇವರು ಬಂದು ನನ್ನ ಹಾಸಿಗೆಯ ಪಕ್ಕ ಸ್ಟೂಲಿನ ಮೇಲೆ ಕೂತರು.

"ಮನೇಲಿ ಸೂಜಿ ಸರಿಯಾಗಿ ನಡೀತಿಲ್ಲ ಅಂತಾರೆ ರುಕ್ಕು. ಇನ್ನೊಂದ್ಸಲ ಹೀಗಾದ್ರೆ ಕಾಲಿಗೇ ಬರಬಹುದು ಅಂತಾರೆ. ನಿಮ್ಮಣ್ಣನ ಮನೆ ಮೈಸೂರಾಸ್ಪತ್ರೆ ಹಿಂದೇನೇ ಇದೆ. ಅಲ್ಲಿದ್ದು ದಿನಾ ಹೋಗಿ ಹಾಕಿಸ್ಕೊಂಡು ಬರಬಹುದು."

"ಎಷ್ಟು ದಿನ?"

"ದಿನ ಅಂತ ಏನು ಹೇಳ್ಲಿ. ಇದು ನಿಲ್ಲೋ ಕಾಯಿಲೆ ಅಲ್ವಲ್ಲ."

"ಮಕ್ಕಳು?"

"ಪದ್ಮನ ಸ್ಕೂಲು ಇಲ್ಲಿದೆ. ರಘುನ ಅಮ್ಮ ನೋಡ್ಕೋತಾಳೆ." ಅವರು ನನ್ನ ಕಡೆ ನೋಡಲಿಲ್ಲ. ಚೀಟಿಯೊಂದನ್ನು ಮಡಚುತ್ತ ಬಿಚ್ಚುತ್ತ ಕೂತಿದ್ದರು.

ನಾನು ಆ ದಿನ ಊಟ ಮಾಡಲಿಲ್ಲ. ನನ್ನ ಮನೆ, ನನ್ನ ಮಕ್ಕಳು, ನನ್ನ ದೇವರ ಮುಂದಿನ ರಂಗೋಲಿ ಎಲ್ಲ ಒಂದು ಸೂಜಿಯ ಮೊನೆಯಲ್ಲಿ ನಿಂತಿತ್ತು. ತಪ್ಪು ಎಲ್ಲಿ ನಡೆಯಿತು ಎಂದು ಯೋಚಿಸುತ್ತ ಯೋಚಿಸುತ್ತ, ಬೆಳಗ್ಗೆ ಏಳುವುದರಿಂದ ಹಿಡಿದು ಪ್ರತಿ ಹೆಜ್ಜೆಯನ್ನೂ ಮನಸ್ಸಿನಲ್ಲೇ ನಡೆದುಕೊಂಡು ಹೋದೆ. ಆಸ್ಪತ್ರೆಯಲ್ಲಿ ಕಲಿತ ವಾರದಲ್ಲಿ ಏನೂ ಆಗಿರಲಿಲ್ಲ. ಮನೆಯಲ್ಲಿ ಮೊದಲ ಎರಡು ವಾರವೂ ಆಗಿರಲಿಲ್ಲ. ಆಮೇಲೆ ಹೊಸದಾಗಿ ಸೇರಿದ್ದು ಒಂದೇ. ಅದನ್ನು ನೆನೆದೊಡನೆ ಕೈ ತಾನಾಗಿ ಕೆನ್ನೆ ತಟ್ಟಿಕೊಂಡಿತು. ದೇವರ ತೀರ್ಥದಲ್ಲಿ ದೋಷ ಹುಡುಕಿದೆನಲ್ಲ ಎಂದು.

ಮರುದಿನ ಅತ್ತೆ ನನ್ನನ್ನು ನೋಡಲು ಬಂದರು. ಆಸ್ಪತ್ರೆಯೊಳಗೆ ಕಾಲಿಟ್ಟರೆ ಮನೆಗೆ ಹೋಗಿ ತಲೆಗೆ ಸ್ನಾನ ಮಾಡಬೇಕಾಗುವವರು, ಬಂದು ಬೆಂಚಿನ ತುದಿಯಲ್ಲಿ ಕೂತಿದ್ದರು. ಅದೇ ಹೊತ್ತಿಗೆ ಅನ್ನಮ್ಮ ಸಿಸ್ಟರು ಗಾಯಕ್ಕೆ ಪಟ್ಟಿ ಬದಲಾಯಿಸಲು ಬಂದರು. ಕೆಲಸ ಮಾಡುತ್ತ ತಮಿಳಿನಲ್ಲಿ ಕೇಳತೊಡಗಿದರು.

"ಮನೆಯಲ್ಲಿ ದಿನಾ ಕುದಿಸ್ತಿದ್ರಾ?"

"ದಿನಾ."

"ಎಷ್ಟು ಹೊತ್ತು?"

"ನಮ್ಮತ್ತೆಯ ಸ್ತೋತ್ರ ಮುಗಿಯೋ ತನಕ. ಹನ್ನೊಂದು ನಿಮಿಷ."

ಸಿಸ್ಟರು ಅತ್ತೆಯ ಕಡೆ ನೋಡಿ ನಕ್ಕರು. "ಅಪ್ಪುರಂ?" ಆಮೇಲೆ?

"ನೀರು ಚೆಲ್ಲಿ, ಚಿಮಟದಲ್ಲಿ ಎತ್ತಿ ಕೂಡಿಸ್ತೀನಿ."

"ಮೊನೆ ಮುಟ್ಟಲ್ಲ?"

"ಇಲ್ಲ."

"ಅಪ್ಪುರಂ?"

ನಾನು ಬೆಂಚಿನ ಕಡೆ ನೋಡಿದೆ. ಅತ್ತೆ ಕೂತಿದ್ದಾರೆ. ಆ ತೀರ್ಥ ಅವರು ಒದ್ದೆ ಸೀರೆಯಲ್ಲಿ, ನಡುಗುತ್ತ, ನಲವತ್ತು ವರ್ಷದಿಂದ ಕೂಡಿಸಿಕೊಂಡು ಬಂದದ್ದು. ಅದರಿಂದ ಕೀವಾಯಿತು ಎಂದು ಅವರ ಎದುರಿಗೆ ಹೇಗೆ ಹೇಳಲಿ? ಹೇಳದಿದ್ದರೆ ಮೈಸೂರಿನ ರೈಲು. ಸಿಸ್ಟರು ಹತ್ತಿ ಹಿಡಿದುಕೊಂಡು ಹಾಗೇ ಕಾಯುತ್ತಿದ್ದರು.

"ದೇವರ ತೀರ್ಥ ಹಾಕಿ ಒಂದ್ಸಲ ಜಾಲಿಸ್ತಿದ್ದೆ" ಎಂದೆ. ತಮಿಳಿನಲ್ಲಿ ಹೇಳಲು ಹೋಗಿ ಕನ್ನಡದಲ್ಲೇ ಬಂತು.

ಸಿಸ್ಟರಿಗೆ ಅರ್ಥವಾಗಲಿಲ್ಲ. ಅತ್ತೆಗೆ ಆಯಿತು. ಅವರು ಎದ್ದು ಬಂದು ಹಾಸಿಗೆಯ ಪಕ್ಕ ನಿಂತರು.

"ಏನಂದೆ?"

"ಸ್ಪಿರಿಟ್ಟಲ್ಲಿ ಮುಳುಗಿರತ್ತಲ್ಲ ಅತ್ತೆ. ಮೈಲಿಗೆ ಹೋಗ್ಲಿ ಅಂತ. ದಿನಾ ಒಂದು ಉದ್ಧರಣೆ."

ಬೈಗಳಿಗೆ ನಾನು ತಲೆ ತಗ್ಗಿಸಿ ಕಾದೆ.

"ತೀರ್ಥ ನಾಲಿಗೆಗೆ ಕೊಡ್ತಾರೆ, ತಲೆಗೆ ಪ್ರೋಕ್ಷಣೆ ಮಾಡ್ತಾರೆ. ತೊಡೆಗೆ ಚುಚ್ಚು ಅಂತ ಯಾವ ಆಚಾರ್ರು ಹೇಳಿದ್ರೇ ನಿಂಗೆ?"

ನನಗೆ ಅಳುವೂ ನಗುವೂ ಒಟ್ಟಿಗೆ ಬಂದವು. ಅತ್ತೆ ಸಿಸ್ಟರ ಕಡೆ ತಿರುಗಿ, ಇಪ್ಪತ್ತು ವರ್ಷ ತರಕಾರಿಯವಳ ಹತ್ತಿರ ಕಲಿತ ತಮಿಳಿನಲ್ಲಿ, ಎಲ್ಲವನ್ನೂ ತಾವೇ ಒಪ್ಪಿಸಿದರು. ನೀರು ಯಾವ ಬಾವಿಯದು, ಎಷ್ಟು ಹೊತ್ತಿಗೆ ಸೇದಿದ್ದು, ಏನೇನು ಹಾಕುತ್ತಾರೆ. ಕೊನೆಗೆ, "ಮಾತು ನಂದು. ಅದು ಸಾರಾಯಿ ಅಂತ ನಾನೇ ಅಂದದ್ದು. ಅವಳದ್ದಲ್ಲ ತಪ್ಪು" ಎಂದರು. ಮದುವೆಯಾಗಿ ಹನ್ನೆರಡು ವರ್ಷದಲ್ಲಿ ಅತ್ತೆ ಒಂದು ತಪ್ಪನ್ನು ತಮ್ಮ ಮೇಲೆ ಎಳೆದುಕೊಂಡದ್ದು ಅದೇ ಮೊದಲು.

ಸಿಸ್ಟರು ನಗಲಿಲ್ಲ. ಬೈಯಲೂ ಇಲ್ಲ. "ಕುದಿದ ಮೇಲೆ ಇನ್ನೇನೂ ಸೇರಬಾರದು ಅಮ್ಮಾ. ಕುಡಿಯುವ ನೀರೂ ಸೇರಬಾರದು. ನಮ್ಮ ಚರ್ಚಿನ ನೀರೂ ಸೇರಬಾರದು" ಎಂದು ತಮ್ಮ ಕೊರಳಿನ ಶಿಲುಬೆಯನ್ನು ಮುಟ್ಟಿ ತೋರಿಸಿದರು. ಡಾಕ್ಟರ ಹತ್ತಿರ ಹೋಗಿ ಅವರೇ ಮಾತಾಡಿದರು. ಡಾಕ್ಟರು ಒಂದು ತಿಂಗಳು ಕೊಟ್ಟರು. ಸಿಸ್ಟರು ಒಂದು ದಿನ ಮನೆಗೆ ಬಂದು ಕಣ್ಣಾರೆ ನೋಡಬೇಕು. ಆಮೇಲೆ ವಾರ ವಾರ ನಾನು ಬಂದು ತೊಡೆ ತೋರಿಸಬೇಕು. ಒಂದು ಗಂಟು ಕಂಡರೂ ಮೈಸೂರು.

ಸಿಸ್ಟರು ಬಂದದ್ದು ಭಾನುವಾರ, ಅವರ ಪ್ರಾರ್ಥನೆ ಮುಗಿಸಿಕೊಂಡು, ರೈಲಿನಲ್ಲಿ. ಸಂಬಳದ ಕೆಲಸವಲ್ಲ ಅದು. ಅವರಿಗೆ ಒಂದು ಲೋಟ ಮಜ್ಜಿಗೆ ಕೊಡುವುದಕ್ಕೂ ಯಾವ ಲೋಟದಲ್ಲಿ ಎಂದು ನಾನು ಒಳಗೊಳಗೇ ಅಳುಕುತ್ತಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಅವರು ಚಪ್ಪಲಿ ಬಾಗಿಲಲ್ಲಿ ಬಿಟ್ಟು, ಒಳಗೆ ಬಂದು ಮೊದಲು ಕೇಳಿದ್ದು, "ಕೈ ಎಲ್ಲಿ ತೊಳೆಯಲಿ?"

ಪದ್ಮ ಚೆಂಬಿನಲ್ಲಿ ನೀರು ಹಾಕಿದಳು. ಸಿಸ್ಟರು ಸೋಪು ಹಚ್ಚಿ ಬೆರಳ ಸಂದಿ, ಉಗುರು, ಮಣಿಕಟ್ಟು, ಮೊಣಕೈಯವರೆಗೆ ಉಜ್ಜಿದರು. ತೊಳೆದು ಮತ್ತೆ ಉಜ್ಜಿದರು. ಮೂರು ಚೆಂಬು ಮುಗಿಯಿತು. ಅಡಿಗೆಮನೆಯ ಬಾಗಿಲಿನಲ್ಲಿ ಒದ್ದೆ ಸೀರೆಯಲ್ಲಿ ನಿಂತು ನೋಡುತ್ತಿದ್ದ ಅತ್ತೆ ನನಗೆ ಕೇಳುವಷ್ಟೇ ಮೆಲ್ಲಗೆ ಅಂದರು:

"ಇಷ್ಟು ಹೊತ್ತು ಕೈ ತೊಳೆಯೋರನ್ನ ನಾನು ಮಠದಲ್ಲೂ ಕಾಣ್ಲಿಲ್ಲ ಕಣೇ."

ತೊಳೆದ ಕೈಗಳನ್ನು ಸಿಸ್ಟರು ಒರೆಸಿಕೊಳ್ಳಲೂ ಇಲ್ಲ. ಎದೆಯ ಮಟ್ಟಕ್ಕೆ ಎತ್ತಿ ಹಿಡಿದು, ಗೋಡೆಗೂ ಬಾಗಿಲಿಗೂ ತಾಗದಂತೆ ಮೈ ಹಿಡಿಮಾಡಿಕೊಂಡು ನಡುಮನೆಗೆ ಬಂದರು. ಹೊಸಬರನ್ನು ಕಂಡು ರಘು ಓಡಿ ಬಂದು ಅವರ ಕೈ ಹಿಡಿಯಹೋದ. ಸಿಸ್ಟರು ಎರಡು ಹೆಜ್ಜೆ ಹಿಂದೆ ಹಾರಿ, "ತೊಡಾದೆ, ಕಣ್ಣಾ" ಎಂದರು.

ಅತ್ತೆ ಬಾಗಿಲಿನಿಂದಲೇ ಗಟ್ಟಿಯಾಗಿ, "ಅಯ್ಯೋ, ಇವಳೂ ಮಡೀಲಿದಾಳೆ" ಅಂದರು.

ಅದು ಹಾಸ್ಯಕ್ಕೆ ಅಂದ ಮಾತಲ್ಲ. ಅವರಿಗೆ ಅಲ್ಲಿ ನಿಜವಾಗಿ ತಿಳಿದುಹೋಯಿತು. ದಿನಾ ಬೆಳಗ್ಗೆ ಇದೇ ಮಗುವಿನಿಂದ ಇದೇ ರೀತಿ ಹಿಂದೆ ಹಾರುವವರು ಅವರು. ಮುಟ್ಟಬಾರದು ಅನ್ನುವುದನ್ನು ಮೈಯಿಂದಲೇ ಬಲ್ಲವರು. ಅವರು ಬಂದು ಗೋಡೆಗೆ ಒರಗದೆ ನಿಂತರು. ನೀರು ಗುಳ್ಳೆ ಬಂತು. "ಅತ್ತೆ, ಬಂತು" ಎಂದೆ. ಅವರು ಸ್ತೋತ್ರ ಶುರು ಮಾಡಿದರು. ಸಿಸ್ಟರು ತಮ್ಮ ಗಡಿಯಾರ ನೋಡುತ್ತ ನಿಂತರು. ಮುಗಿದಾಗ ತಲೆ ಅಲ್ಲಾಡಿಸಿ, "ಹನ್ನೊಂದೂಕಾಲು" ಎಂದರು.

ನೀರು ಬಸಿದೆ. ಚಿಮಟದಿಂದ ಸಿರಿಂಜಿನ ಕೊಳವೆ ಎತ್ತಿದೆ, ಕಡ್ಡಿಯನ್ನು ತುದಿ ಹಿಡಿದು ತೂರಿಸಿದೆ, ಸೂಜಿ ಕೂಡಿಸಿದೆ. ಮೂವರು ನೋಡುತ್ತಿದ್ದಾರೆ ಅನ್ನುವ ಗಡಿಬಿಡಿಯಲ್ಲಿ ಸೂಜಿ ಸ್ವಲ್ಪ ವಾರೆಯಾಗಿ ಕೂತಿತು. ಅದನ್ನು ನೆಟ್ಟಗೆ ಮಾಡಲು ಎಡಗೈ ಬೆರಳು ತಾನಾಗಿ ಮೊನೆಯ ಕಡೆ ಹೋಯಿತು. ಸಿಸ್ಟರು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ದನಿ ಬಂತು.

"ಮುಟ್ಟಬೇಡ."

ನಲವತ್ತು ವರ್ಷ ಅಡಿಗೆಮನೆ ಆಳಿದ ದನಿ ಅದು. ನನ್ನ ಬೆರಳು ಹಾವು ಕಂಡ ಹಾಗೆ ಹಿಂದಕ್ಕೆ ಬಂತು. ಅತ್ತೆ ಚಿಮಟದ ಕಡೆ ಗದ್ದ ತೋರಿಸಿದರು. ಚಿಮಟದಲ್ಲೇ ಸರಿಮಾಡಿದೆ. ಔಷಧಿ ಎಳೆದೆ. ಚುಚ್ಚಿಕೊಂಡೆ.

ಸಿಸ್ಟರು ಅತ್ತೆಯನ್ನು ಕೇಳಿದರು, "ಪಾಟ್ಟಿ, ನೀವು ಯಾವ ಆಸ್ಪತ್ರೆಯಲ್ಲಿ ಕೆಲಸದಲ್ಲಿದ್ರಿ?" ಪಾಟ್ಟಿ ಅಂದರೆ ಅಜ್ಜಿ.

ಪದ್ಮ ಅದನ್ನು ಕನ್ನಡಕ್ಕೆ ಹೇಳಬೇಕಾಗಿ ಬರಲಿಲ್ಲ. ಅತ್ತೆಯ ಮುಖ ಅರಳಿತು. ಅವರೇ ಒಳಗೆ ಹೋಗಿ ಮಜ್ಜಿಗೆ ತಂದರು. ಯಾವ ಲೋಟದಲ್ಲಿ ಎಂದು ನಾನು ನೋಡಿದೆ. ಮನೆಯವರು ದಿನಾ ಕುಡಿಯುವ ಲೋಟದಲ್ಲೇ. ಸಿಸ್ಟರು ತುಟಿಗೆ ತಾಗಿಸದೆ ಎತ್ತಿ ಕುಡಿದು, ತಾವೇ ತೊಳೆದು ಕವುಚಿಟ್ಟರು.

ಆ ತಿಂಗಳು ವಾರ ವಾರ ಹೋಗಿ ತೋರಿಸಿದೆ. ಮೊದಲ ವಾರ ರೈಲಿನಲ್ಲಿ ದಾರಿಯುದ್ದಕ್ಕೂ ತೊಡೆ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಎರಡನೆಯ ವಾರ ಸ್ವಲ್ಪ ಕಡಿಮೆ. ನಾಲ್ಕನೆಯ ವಾರ ಡಾಕ್ಟರು ಬೆರಳಿನಿಂದ ಒತ್ತಿ ಒತ್ತಿ ನೋಡಿ, ಏನೂ ಸಿಗದೆ, "ಹೋಗಿ ಅಡಿಗೆ ಮಾಡಿ ಹೋಗಿ" ಎಂದರು. ನಮ್ಮ ಮನೆಯವರು ನನ್ನ ಅಣ್ಣನಿಗೆ ಬರೆದಿಟ್ಟಿದ್ದ ಕಾಗದವನ್ನು ಹರಿದು ಸ್ಟೌ ಹಚ್ಚಲು ಕೊಟ್ಟರು. ಅದೇ ಸ್ಟೌ.

ಆಮೇಲಿನ ವರ್ಷಗಳಲ್ಲಿ ತೊಂದರೆಗಳು ಬರಲಿಲ್ಲ ಎಂದು ಹೇಳುವುದಿಲ್ಲ. ಬಾವಿಯ ಉಪ್ಪುನೀರಿಗೆ ಸಿರಿಂಜಿನ ಒಳಗೆ ಬಿಳಿ ಪೊರೆ ಕಟ್ಟಿ ಕಡ್ಡಿ ಸಿಕ್ಕಿಕೊಂಡಿತು. ಮಳೆನೀರು ಹಿಡಿದಿಟ್ಟು ಕುದಿಸುವುದನ್ನು ಕಲಿತೆ. ಮೂರು ಸಿರಿಂಜು ಒಡೆದವು. ಏಕಾದಶಿಯ ನಿಟ್ಟುಪವಾಸ ಬಿಡಬೇಕಾಯಿತು. ಅದಕ್ಕೆ ಅತ್ತುಕೊಂಡಿದ್ದೆ. ಅತ್ತೆ, "ನಿಂದೂ ಸೇರಿಸಿ ನಾನೇ ಮಾಡ್ತೀನಿ ಬಿಡು" ಎಂದರು. ಒಮ್ಮೆ ಸೂಜಿ ಹಾಕಿಕೊಂಡು ಊಟ ತಡವಾಗಿ ಬೆವತು ತೂರಾಡಿದೆ. ಅಂದಿನಿಂದ ಸೆರಗಿನ ತುದಿಯಲ್ಲಿ ಒಂದು ತುಂಡು ಬೆಲ್ಲ ಇಲ್ಲದೆ ಮನೆ ದಾಟಿಲ್ಲ. ಸ್ಪಿರಿಟ್ಟಿನ ಜಾಡಿಗೆ ಅತ್ತೆಯೇ ಒಂದು ಬಟ್ಟೆಯ ಮುಸುಕು ಹೊಲಿದುಕೊಟ್ಟರು. ಇಂದಿಗೂ ಅದನ್ನು ಸಾರಾಯಿ ಎಂದೇ ಕರೆಯುತ್ತಾರೆ. "ರುಕ್ಕು, ನಿನ್ನ ಸಾರಾಯಿ ಮುಗೀತಾ ಬಂತು ನೋಡು" ಎಂದು ಬಂದವರ ಎದುರಿಗೇ ಹೇಳುತ್ತಾರೆ.

ಪೂಜೆಯಾದ ಮೇಲೆ ನಾನು ತೀರ್ಥ ತೆಗೆದುಕೊಳ್ಳುತ್ತೇನೆ. ನಾಲಿಗೆಗೆ.

ಹೋದ ಆಷಾಢದಲ್ಲಿ ಅತ್ತೆಗೆ ನ್ಯುಮೋನಿಯಾ ಆಯಿತು. ಎಪ್ಪತ್ತೈದರ ಮೇಲಿನ ಜೀವ, ಮೂರು ದಿನ ಕಣ್ಣು ಬಿಟ್ಟಿರಲಿಲ್ಲ. ಡಾಕ್ಟರು ಬಂದು ನೋಡಿ ಇಂಜಕ್ಷನ್ನು ಬರೆದುಕೊಟ್ಟು, ಹಾಕಲು ಕಂಪೌಂಡರನ್ನು ಕಳಿಸಿದರು. ಪಾಪ, ಅವರಿಗೆ ಆ ದಿನ ಇನ್ನೂ ಆರು ಮನೆ ಸುತ್ತುವುದಿತ್ತು. ಬಂದವರೇ ಪೆಟ್ಟಿಗೆ ತೆಗೆದು, ಅದಕ್ಕೆ ಮುಂಚಿನ ಮನೆಯಲ್ಲಿ ಹಾಕಿದ ಸೂಜಿಯನ್ನೇ ಸ್ಪಿರಿಟ್ಟು ಹತ್ತಿಯಲ್ಲಿ ಒರೆಸಿದರು. ಕುದಿಯುವ ಸದ್ದಿಲ್ಲದೆ ಬರೀ ಸ್ಪಿರಿಟ್ಟಿನ ವಾಸನೆ ಬಂದದ್ದಕ್ಕೋ ಏನೋ, ನಾನು ಬಾಯಿ ತೆರೆಯುವುದರೊಳಗೆ ಅತ್ತೆಯ ತೋಳು ಹೊದಿಕೆಯೊಳಕ್ಕೆ ಹೋಯಿತು.

"ಮುದಲ್ಲೆ ಕೊದಿಕ್ಕಟ್ಟುಂ" ಎಂದರು, ಕಣ್ಣು ಬಿಡದೆ. ಮೊದಲು ಕುದಿಯಲಿ ಅಂತ.

"ಪಾಟ್ಟಿ, ಸ್ಪಿರಿಟ್ಟಲ್ಲಿ ಒರೆಸಿದೀನಿ. ಒಂದು ನಿಮಿಷದ ಕೆಲಸ" ಎಂದರು ಕಂಪೌಂಡರು.

"ಸಾರಾಯಲ್ಲಿ ಒರೆಸಿದ್ರೆ ಸಾಲದು. ನನ್ನ ಸೊಸೇನ ಕೇಳು."

ನಾನು ಪಾತ್ರೆ ಇಟ್ಟೆ. ಬಟ್ಟೆ ಹಾಸಿ, ಅವರ ಸಿರಿಂಜು, ಅವರ ಸೂಜಿ, ನಮ್ಮ ಚಿಮಟ. ಸ್ಟೌ ಹೊತ್ತಿಸಿದೆ. ಕಂಪೌಂಡರು ಗಡಿಯಾರ ನೋಡುತ್ತ ಗೊಣಗುತ್ತ ಬೆಂಚಿನ ಮೇಲೆ ಕೂತರು. ದೊಡ್ಡ ಗುಳ್ಳೆ ಬಂದು ಗಾಜು ಕಟಕಟ ಅಂದಾಗ ನಾನು ಹಾಸಿಗೆಯ ಹತ್ತಿರ ಹೋಗಿ ಬಗ್ಗಿ, "ಅತ್ತೆ, ಬಂತು" ಎಂದೆ.

ತುಟಿ ಅಲ್ಲಾಡಿತು. ದನಿ ಇರಲಿಲ್ಲ, ಉಸಿರು ಮಾತ್ರ ಇತ್ತು. ನಾಲ್ಕನೆಯ ಸಾಲಿಗೆ ಉಸಿರೂ ಸಾಲದೆ ನಿಂತಿತು. ಅವರು ಕಣ್ಣು ತೆರೆದು ನನ್ನ ಕಡೆ ನೋಡಿದರು.

ಐದನೆಯ ಸಾಲಿನಿಂದ ನಾನು ಎತ್ತಿಕೊಂಡೆ. ಹತ್ತು ವರ್ಷ ದಿನಾ ಕೇಳಿದ್ದು, ಒಂದಕ್ಷರ ತಪ್ಪಲಿಲ್ಲ. ಕಂಪೌಂಡರು ಗಡಿಯಾರ ನೋಡುವುದನ್ನು ಬಿಟ್ಟಿದ್ದರು. ಕೊನೆಯ ಸಾಲು ಮುಗಿಸಿ ನಾನು ಸ್ಟೌ ಆರಿಸಿದೆ. ಆಗ ಅತ್ತೆ ಹೊದಿಕೆಯಿಂದ ತೋಳು ಹೊರಗೆ ತೆಗೆದು ಕಂಪೌಂಡರ ಮುಂದೆ ಚಾಚಿದರು.

ಅತ್ತೆ ಎದ್ದು ಕೂತು ಈಗ ನಾಲ್ಕು ತಿಂಗಳಾಯಿತು. ಬೆಳಗ್ಗೆ ಅರ್ಧ ಸ್ತೋತ್ರ ಅವರು ಹೇಳುತ್ತಾರೆ, ಉಳಿದರ್ಧ ನಾನು. ಹೊತ್ತು ಮಾತ್ರ ಅಷ್ಟೇ, ಹನ್ನೊಂದು ನಿಮಿಷ.